ಫರ್ಡಿನಾಂಡ್ ಸ್ಟೊಲಿಚ್ಕಾ

ಫರ್ಡಿನಾಂಡ್ ಸ್ಟೊಲಿಚ್ಕಾ (ಜೂನ್ ೭, ೧೮೩೮ – ಜೂನ್ ೧೯, ೧೮೭೪) ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿ ಕೆಲಸ ಮಾಡಿದ ಭೂವಿಜ್ಞಾನಿ, ಪಳೆಯುಳಿಕೆ ತಜ್ಞ ಹಾಗೂ ಪ್ರಾಣಿವಿಜ್ಞಾನಿ. ಅವರು ಹುಟ್ಟಿದ್ದು ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಮೊರಾವಿಯಾ ಪ್ರಾಂತದಲ್ಲಿ. ಹಿಮಾಲಯದ ಸ್ಪಿತಿ ಕಣಿವೆಯ ಕಣಶಿಲೆಗಳನ್ನು ಕ್ರಮಬದ್ಧವಾಗಿ ವಿಂಗಡಿಸಿ, ಅಲ್ಲಿನ ಟ್ರಯಾಸಿಕ್ ಅವಧಿಯ ಶಿಲಾಸ್ತರಗಳಿಗೆ ಲಿಲಾಂಗ್ ಶ್ರೇಣಿ ಎಂಬ ಹೆಸರನ್ನು ಕೊಟ್ಟವರು ಇವರೇ. ದಕ್ಷಿಣ ಭಾರತದ ಕ್ರಿಟೇಶಿಯಸ್ ಅವಧಿಯ ಪಳೆಯುಳಿಕೆಗಳ ಕುರಿತ ಬೃಹತ್ ಸಂಪುಟಗಳೂ ಕಚ್ ಪ್ರದೇಶದ ಜುರಾಸಿಕ್ ಶಿಲೆಗಳ ವಿಂಗಡಣೆಯೂ ಇವರ ಇತರ ಮುಖ್ಯ ಕೊಡುಗೆಗಳು. ಯಾರ್ಕಂಡ್ ನಿಯೋಗದೊಂದಿಗೆ ಹೋಗಿ ಹಿಂದಿರುಗುವಾಗ, ಮೂವತ್ತಾರು ವರ್ಷ ತುಂಬಿದ ಹನ್ನೆರಡನೆಯ ದಿನ, ಲಡಾಖಿನ ದಾರಿಯಲ್ಲಿ ನಿಧನರಾದರು.

ಜನನ ಮತ್ತು ವಿದ್ಯಾಭ್ಯಾಸ

ಸ್ಟೊಲಿಚ್ಕಾ ಅವರು ಮೊರಾವಿಯಾದ ಕ್ರೊಮೆರಿಜ್ ಪಟ್ಟಣದ ಸಮೀಪದಲ್ಲಿ ಜನಿಸಿದರು. ಆಗ ಆ ಪ್ರಾಂತವು ಆಸ್ಟ್ರಿಯಾ ಸಾಮ್ರಾಜ್ಯದ ಭಾಗವಾಗಿತ್ತು. ಅವರ ತಂದೆ ಒಲೊಮೌಟ್ಸ್‌ನ ಆರ್ಚ್‌ಬಿಷಪ್ಪರ ಜಮೀನಿನಲ್ಲಿ ಕಾಡಿನ ಮೇಲ್ವಿಚಾರಕರಾಗಿದ್ದರು. ಕ್ರೊಮೆರಿಜ್‌ನ ಜರ್ಮನ್ ಪ್ರೌಢಶಾಲೆಯಲ್ಲಿ ಓದು ಮುಗಿಸಿದ ಬಳಿಕ ಸ್ಟೊಲಿಚ್ಕಾ ಉನ್ನತ ಶಿಕ್ಷಣಕ್ಕಾಗಿ ವಿಯೆನ್ನಾಕ್ಕೆ ತೆರಳಿದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಎಡ್ವರ್ಡ್ ಸ್ಯೂಸ್. ಮುಂದೆ ಗೊಂಡ್ವಾನಾ ಭೂಖಂಡ ಮತ್ತು ಟೆಥಿಸ್ ಸಾಗರ ಎಂಬ ಕಲ್ಪನೆಗಳನ್ನು ಮುಂದಿಟ್ಟು ವಿಶ್ವಪ್ರಸಿದ್ಧರಾದ ಭೂವಿಜ್ಞಾನಿಯೂ ಇವರೇ. ೧೮೬೧ರಲ್ಲಿ ಸ್ಟೊಲಿಚ್ಕಾ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ಪಡೆದರು.

ವಿದ್ಯಾರ್ಥಿಯಾಗಿದ್ದಾಗಲೇ ಅವರು ಆಲ್ಪ್ಸ್ ಪರ್ವತದ ಶಿಲೆಗಳಲ್ಲಿ ದೊರೆಯುವ ಮೃದ್ವಂಗಿಗಳ ಪಳೆಯುಳಿಕೆಗಳ ಬಗ್ಗೆ ಪ್ರಬಂಧಗಳನ್ನು ಬರೆಯತೊಡಗಿದ್ದರು. ಆಸ್ಟ್ರಿಯಾದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಆಲ್ಪ್ಸ್ ಹಾಗೂ ಹಂಗೇರಿಯ ಭಾಗಗಳಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಆ ಕಾಲದಲ್ಲಿ ವಿಯೆನ್ನಾ ನಗರವು ಟ್ರಯಾಸಿಕ್ ಶಿಲೆಗಳ ಅಧ್ಯಯನಕ್ಕೆ ಬಹು ಮುಖ್ಯವಾದ ಕೇಂದ್ರವಾಗಿತ್ತು. ೧೮೩೪ರಲ್ಲಿ ಜರ್ಮನಿಯ ಫ್ರೆಡ್ರಿಕ್ ಫಾನ್ ಆಲ್ಬರ್ಟಿ ಎಂಬವರು ಮೂರು ಭಾಗಗಳುಳ್ಳ ಶಿಲಾಸಮೂಹವೆಂಬ ಅರ್ಥದಲ್ಲಿ ಟ್ರಯಾಸ್ ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ಜರ್ಮನಿಯ ಈ ಶಿಲೆಗಳಲ್ಲಿ ಹೆಚ್ಚಿನ ಪಾಲು ನದಿ, ಮರುಭೂಮಿ ಹಾಗೂ ಆಳವಿಲ್ಲದ ಒಳಗಡಲುಗಳಲ್ಲಿ ಸಂಚಯವಾದದ್ದು. ತೆರೆದ ಸಮುದ್ರದಲ್ಲಿ ರೂಪುಗೊಂಡ ಟ್ರಯಾಸಿಕ್ ಸುಣ್ಣಕಲ್ಲು ವಿಪುಲವಾಗಿ ಕಾಣುವುದು ಆಲ್ಪ್ಸ್‌ನಲ್ಲಿ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಪ್ರದೇಶದ ಸುಣ್ಣಕಲ್ಲು ಅಮೊನೈಟ್ ವರ್ಗದ ಪಳೆಯುಳಿಕೆಗಳಿಗೆ ಹೆಸರಾಗಿತ್ತು. ಇಂತಹ ಪಳೆಯುಳಿಕೆಗಳನ್ನು ಕಂಡೊಡನೆ ಗುರುತಿಸುವ ಕಣ್ಣು ಸ್ಟೊಲಿಚ್ಕಾ ಅವರಿಗೆ ಈ ಪರಿಸರದಲ್ಲಿ ಪಳಗಿತು.

ಭಾರತಕ್ಕೆ ಆಗಮನ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಆಗ ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿತ್ತು. ದೇಶದ ನಾನಾ ಕಡೆಗಳಿಂದ ಕಲ್ಕತ್ತೆಗೆ ಪಳೆಯುಳಿಕೆಗಳು ಬಂದು ಸೇರುತ್ತಿದ್ದವು. ಅವುಗಳನ್ನು ಪರೀಕ್ಷಿಸಿ ವರ್ಣಿಸಬಲ್ಲ ತಜ್ಞರ ಅಗತ್ಯವಿತ್ತು. ಓಲ್ಡ್‌ಹ್ಯಾಮ್ ಅವರ ಆಹ್ವಾನದ ಮೇರೆಗೆ ಸ್ಟೊಲಿಚ್ಕಾ ೧೮೬೨ರಲ್ಲಿ ಸಂಸ್ಥೆಯನ್ನು ಸೇರಿ ಕಲ್ಕತ್ತೆಗೆ ಬಂದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ.

ಅವರಿಗೆ ವಹಿಸಿದ ಮೊದಲ ದೊಡ್ಡ ಕೆಲಸ ದಕ್ಷಿಣ ಭಾರತದ ತಿರುಚಿನಾಪಳ್ಳಿ ಸುತ್ತಲಿನ ಕ್ರಿಟೇಶಿಯಸ್ ಶಿಲೆಗಳಲ್ಲಿ ದೊರೆತ ಪಳೆಯುಳಿಕೆಗಳ ವರ್ಣನೆ. ಅಮೊನೈಟ್‌ಗಳು, ಶಂಖದ ಹುಳುಗಳು, ಕಪ್ಪೆಚಿಪ್ಪಿನ ಜೀವಿಗಳು, ಹವಳಗಳು ಹೀಗೆ ಒಂದೊಂದು ವರ್ಗವನ್ನೂ ಎತ್ತಿಕೊಂಡು ಅವರು ಬರೆದರು. ಸಂಸ್ಥೆಯ ಪೇಲಿಯಂಟಾಲಜಿಯಾ ಇಂಡಿಕಾ ಮಾಲೆಯಲ್ಲಿ ಪ್ರಕಟವಾದ ಈ ಕೃತಿ ನಾಲ್ಕು ಸಂಪುಟಗಳಿಗೆ ಹಬ್ಬಿತು. ಸುಮಾರು ೧,೫೦೦ ದೊಡ್ಡ ಪುಟಗಳ ಈ ಕೆಲಸವು ಮುಗಿದದ್ದು ೧೮೭೩ರಲ್ಲಿ. ಇದರ ನಡುವೆಯೇ ಅವರು ಹಿಮಾಲಯಕ್ಕೆ ಎರಡು ಬಾರಿ ಹೋಗಿ ಬಂದರು.

ಸ್ಪಿತಿ ಕಣಿವೆಯ ಅಧ್ಯಯನ

ಸ್ಪಿತಿ ಕಣಿವೆಯು ಇಂದಿನ ಹಿಮಾಚಲ ಪ್ರದೇಶದ ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಯಲ್ಲಿದೆ. ಹಿಮಾಲಯದ ಮುಖ್ಯ ಶಿಖರಸಾಲಿನ ಉತ್ತರಕ್ಕಿರುವುದರಿಂದ ಮುಂಗಾರು ಮಳೆ ಇಲ್ಲಿಗೆ ತಲಪುವುದು ತೀರ ಕಡಿಮೆ. ಕಾಡಿಲ್ಲ, ಮಣ್ಣಿನ ಹೊದಿಕೆಯೂ ತೆಳು. ಆದ್ದರಿಂದ ಬೆಟ್ಟದ ಪಾರ್ಶ್ವಗಳಲ್ಲಿ ಶಿಲಾಸ್ತರಗಳು ಒಂದರ ಮೇಲೊಂದು ಸ್ಪಷ್ಟವಾಗಿ ಕಾಣುತ್ತವೆ. ರೈತನಿಗೆ ಬಂಜರಾದ ಈ ನೆಲ ಭೂವಿಜ್ಞಾನಿಗೆ ತೆರೆದಿಟ್ಟ ಪುಸ್ತಕವಿದ್ದಂತೆ.

ಸ್ಟೊಲಿಚ್ಕಾ ಇಲ್ಲಿಗೆ ಬರುವ ಮುಂಚೆಯೇ ಸ್ಪಿತಿಯ ಕೆಲವು ಪಳೆಯುಳಿಕೆಗಳು ಯೂರೋಪನ್ನು ತಲಪಿದ್ದವು. ಪಕ್ಕದ ಕುಮಾವೂಂ ಹಿಮಾಲಯದ ನೀತಿ ಕಣಿವೆಯಲ್ಲಿ ರಿಚರ್ಡ್ ಸ್ಟ್ರೇಚಿ ಅವರು ಟ್ರಯಾಸಿಕ್ ಪಳೆಯುಳಿಕೆಗಳನ್ನು ಸಂಗ್ರಹಿಸಿದ್ದರು. ಆದರೆ ಸ್ಪಿತಿಯಲ್ಲಿ ಯಾವ ಸ್ತರದ ಮೇಲೆ ಯಾವ ಸ್ತರವಿದೆ, ಯಾವ ಪಳೆಯುಳಿಕೆ ಯಾವ ಸ್ತರಕ್ಕೆ ಸೇರಿದ್ದು ಎಂಬ ಪೂರ್ಣ ಅನುಕ್ರಮವು ಸಿದ್ಧವಾಗಿರಲಿಲ್ಲ. ಪಳೆಯುಳಿಕೆಯ ಬೆಲೆ ಅದು ದೊರೆತ ಸ್ತರದಲ್ಲಿದೆ. ಸ್ತರ ತಿಳಿಯದ ಪಳೆಯುಳಿಕೆ ತಾರೀಖಿಲ್ಲದ ಕಾಗದದಂತೆ.

೧೮೬೪ರಲ್ಲಿ ಸ್ಟೊಲಿಚ್ಕಾ ತಮ್ಮ ಸಹೋದ್ಯೋಗಿ ಎಫ್. ಆರ್. ಮ್ಯಾಲೆಟ್ ಅವರೊಂದಿಗೆ ಸ್ಪಿತಿಗೆ ಹೊರಟರು. ಸಟ್ಲೆಜ್ ನದಿಯ ವಾಂಗ್ಟು ಸೇತುವೆಯಿಂದ ಸಿಂಧೂ ನದಿಯ ದಡದ ಸುಂಗ್ಡೊವರೆಗೆ ಹಿಮಾಲಯವನ್ನು ಅಡ್ಡಲಾಗಿ ಸೀಳಿದರೆ ಶಿಲೆಗಳು ಹೇಗೆ ಜೋಡಣೆಗೊಂಡಿವೆ ಎಂಬುದನ್ನು ತೋರಿಸುವ ವರದಿಯು ೧೮೬೬ರಲ್ಲಿ ಸಂಸ್ಥೆಯ ಮೆಮಾಯರ್ಸ್ ಮಾಲೆಯಲ್ಲಿ ಪ್ರಕಟವಾಯಿತು. ೧೮೬೫ರಲ್ಲಿ ಅವರು ಮತ್ತೆ ಹಿಮಾಲಯಕ್ಕೆ ಹೋಗಿ ರುಪ್ಶು, ಜಂಸ್ಕಾರ್, ಸುರು, ದ್ರಾಸ್ ಮುಂತಾದ ಪ್ರದೇಶಗಳನ್ನು ನೋಡಿ ಬಂದರು. ಈ ಪ್ರವಾಸಗಳಲ್ಲಿ ೪,೫೦೦ ಮೀಟರಿಗೂ ಮೇಲಿನ ಅನೇಕ ಕಣಿವೆದಾರಿಗಳನ್ನು ದಾಟಬೇಕಾಯಿತು. ಎತ್ತರದ ಪ್ರದೇಶದಲ್ಲಿ ಬರುವ ತಲೆನೋವು ಮತ್ತು ಅಸ್ವಸ್ಥತೆ ಅವರನ್ನು ಆಗಲೇ ಕಾಡಿತ್ತು.

ಶಿಲಾಸ್ತರಗಳ ವಿಂಗಡಣೆ

ಸ್ಟೊಲಿಚ್ಕಾ ಸ್ಪಿತಿಯ ಶಿಲೆಗಳನ್ನು ಅಡಿಯಿಂದ ಮೇಲಕ್ಕೆ ವಿಂಗಡಿಸಿ, ಒಂದೊಂದಕ್ಕೂ ಸ್ಥಳೀಯ ಹಳ್ಳಿ, ನದಿ ಅಥವಾ ಕಣಿವೆದಾರಿಯ ಹೆಸರನ್ನಿಟ್ಟರು. ಆ ಅನುಕ್ರಮ ಹೀಗಿದೆ: ಎಲ್ಲಕ್ಕಿಂತ ಕೆಳಗೆ ಭಾಬೆ ಶ್ರೇಣಿ, ಅದರ ಮೇಲೆ ಮುಥ್ ಶ್ರೇಣಿ, ಅನಂತರ ಕುಲಿಂಗ್ ಶ್ರೇಣಿ, ಅದರ ಮೇಲೆ ಲಿಲಾಂಗ್ ಶ್ರೇಣಿ, ಬಳಿಕ ಪಾರಾ ಸುಣ್ಣಕಲ್ಲು, ಟಾಗ್ಲಿಂಗ್ ಸುಣ್ಣಕಲ್ಲು, ಸ್ಪಿತಿ ಜೇಡುಗಲ್ಲು, ಗಿಯುಮಾಲ್ ಮರಳುಗಲ್ಲು, ಕೊನೆಯದಾಗಿ ಚಿಕ್ಕಿಂ ಸುಣ್ಣಕಲ್ಲು ಮತ್ತು ಜೇಡುಗಲ್ಲು. ಇಂದಿನ ಲೆಕ್ಕದಲ್ಲಿ ಈ ರಾಶಿಯು ಕೋಟ್ಯಂತರ ವರ್ಷಗಳ ಸಮುದ್ರದ ಇತಿಹಾಸವನ್ನು ಒಳಗೊಂಡಿದೆ.

ಇವುಗಳಲ್ಲಿ ಸ್ಪಿತಿ ಜೇಡುಗಲ್ಲಿನ ಜೊತೆ ಕನ್ನಡಿಗರಿಗೂ ಒಂದು ನಂಟುಂಟು. ಜುರಾಸಿಕ್ ಅವಧಿಯ ಈ ಕಪ್ಪು ಶಿಲೆಯಲ್ಲಿ ಗುಂಡಗಿನ ಗಟ್ಟಿ ಉಂಡೆಗಳು ದೊರೆಯುತ್ತವೆ. ಒಡೆದರೆ ಅವುಗಳೊಳಗೆ ಸುರುಳಿಯಾಕಾರದ ಅಮೊನೈಟ್ ಕಾಣುತ್ತದೆ. ನೇಪಾಳದ ಗಂಡಕಿ ನದಿಯ ಮೇಲ್ಭಾಗದಲ್ಲಿಯೂ ಇದೇ ಬಗೆಯ ಶಿಲೆಯಿದ್ದು, ಅದರಿಂದ ಬಿಡಿಸಿಕೊಂಡು ನದಿಯಲ್ಲಿ ಹರಿದುಬರುವ ಕಲ್ಲುಗಳೇ ನಮ್ಮ ಮನೆ ಮತ್ತು ಮಠಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮಗಳು. ಭಕ್ತರು ವಿಷ್ಣುವಿನ ಚಕ್ರವೆಂದು ಭಾವಿಸುವ ಗುರುತು ಪ್ರಾಚೀನ ಸಮುದ್ರಜೀವಿಯ ಚಿಪ್ಪಿನ ಸುರುಳಿ.

ಲಿಲಾಂಗ್ ಶ್ರೇಣಿ

ಸ್ಪಿತಿ ಕಣಿವೆಯ ಲಿಲಾಂಗ್ ಎಂಬ ಹಳ್ಳಿಯ ಹೆಸರಿನಿಂದ ಗುರುತಿಸಲಾದ ಈ ಶಿಲಾಶ್ರೇಣಿಯು ಮುಖ್ಯವಾಗಿ ಸುಣ್ಣಕಲ್ಲು ಮತ್ತು ಜೇಡುಗಲ್ಲುಗಳ ಪದರಗಳಿಂದ ಕೂಡಿದೆ. ಇದರಲ್ಲಿ ಸ್ಟೊಲಿಚ್ಕಾ ಅವರಿಗೆ ಅಮೊನೈಟ್ ವರ್ಗದ ಚಿಪ್ಪುಗಳೂ ಹ್ಯಾಲೋಬಿಯಾ ಎಂಬ ತೆಳುವಾದ ಎರಡು ಚಿಪ್ಪಿನ ಜೀವಿಯ ಅಚ್ಚುಗಳೂ ದೊರೆತವು. ಇವು ಅವರಿಗೆ ಹೊಸತಾಗಿರಲಿಲ್ಲ. ಆಲ್ಪ್ಸ್‌ನ ಹಾಲ್‌ಸ್ಟಾಟ್ ಮತ್ತು ಸೇಂಟ್ ಕ್ಯಾಸಿಯನ್ ಶಿಲೆಗಳಲ್ಲಿ ಇಂಥವುಗಳನ್ನೇ ಹೋಲುವ ಪಳೆಯುಳಿಕೆಗಳಿದ್ದವು. ಸಾವಿರಾರು ಕಿಲೋಮೀಟರ್ ದೂರದ ಎರಡು ಪರ್ವತಗಳಲ್ಲಿ ಒಂದೇ ಕಾಲದ, ಒಂದೇ ಬಗೆಯ ಸಮುದ್ರಜೀವಿಗಳ ಅವಶೇಷಗಳಿವೆ ಎಂಬುದನ್ನು ಅವರು ಗುರುತಿಸಿ, ಲಿಲಾಂಗ್ ಶ್ರೇಣಿಯು ಟ್ರಯಾಸಿಕ್ ಅವಧಿಯದೆಂದು ತೀರ್ಮಾನಿಸಿದರು.

ಈ ಹೋಲಿಕೆಯ ಮಹತ್ವವು ಪೂರ್ಣವಾಗಿ ಅರಿವಾದದ್ದು ಅವರ ಮರಣದ ಬಳಿಕ. ಆಲ್ಪ್ಸ್‌ನಿಂದ ಹಿಮಾಲಯದವರೆಗೆ ಒಂದು ಕಾಲದಲ್ಲಿ ವಿಶಾಲ ಸಾಗರವೊಂದು ಹಬ್ಬಿತ್ತೆಂದು ವಾದಿಸಿ ೧೮೯೩ರಲ್ಲಿ ಅದಕ್ಕೆ ಟೆಥಿಸ್ ಎಂದು ಹೆಸರಿಟ್ಟವರು ಅವರ ಗುರುಗಳಾದ ಎಡ್ವರ್ಡ್ ಸ್ಯೂಸ್. ಹಿಮಾಲಯದ ಟ್ರಯಾಸಿಕ್ ಜೀವಿಗಳಿಗೂ ಆಲ್ಪ್ಸ್‌ನ ಜೀವಿಗಳಿಗೂ ಇರುವ ಸಾದೃಶ್ಯ ಈ ಕಲ್ಪನೆಗೆ ಬಲವಾದ ಆಧಾರಗಳಲ್ಲಿ ಒಂದಾಗಿತ್ತು.

ಇಂದಿನ ತಿಳಿವಳಿಕೆಯಂತೆ ಟ್ರಯಾಸಿಕ್ ಅವಧಿಯು ಸುಮಾರು ೨೫.೨ ಕೋಟಿ ವರ್ಷಗಳಿಂದ ೨೦.೧ ಕೋಟಿ ವರ್ಷಗಳ ಹಿಂದಿನವರೆಗೆ ವ್ಯಾಪಿಸಿದೆ. ಆಗ ಭಾರತವು ಗೊಂಡ್ವಾನಾ ಭೂಖಂಡದ ಅಂಗವಾಗಿದ್ದು, ಅದರ ಉತ್ತರದ ಅಂಚು ಸಮುದ್ರದಡಿ ಇತ್ತು. ಆ ಕಡಲತಳದಲ್ಲಿ ಸಂಚಯವಾದ ಕೆಸರು, ಸುಣ್ಣ ಮತ್ತು ಮರಳು ಲಿಲಾಂಗ್ ಶಿಲೆಗಳಾದವು. ಅಡಿಭಾಗದಲ್ಲಿರುವ ಟ್ರಯಾಸಿಕ್ ಆದಿಕಾಲದ ಪದರಗಳು ಬಹಳ ತೆಳು. ದಡದಿಂದ ದೂರದ ನೀರಿನಲ್ಲಿ ಸಂಚಯವು ನಿಧಾನವಾಗಿ ನಡೆದದ್ದನ್ನು ಇದು ಸೂಚಿಸುತ್ತದೆ. ಮೇಲಕ್ಕೆ ಹೋದಂತೆ ಪದರಗಳು ದಪ್ಪವಾಗುತ್ತವೆ. ಹವಳಗಳುಳ್ಳ ಸುಣ್ಣಕಲ್ಲು ಕಾಣಿಸಿಕೊಳ್ಳುವಲ್ಲಿ ಸಮುದ್ರವು ಆಳವಿಲ್ಲದ್ದೂ ತಿಳಿಯಾದದ್ದೂ ಆಗಿತ್ತೆಂದು ತಿಳಿಯುತ್ತದೆ. ಅದರ ಮೇಲಿನ ಜೇಡುಗಲ್ಲು ಮತ್ತು ಬೆಣಚು ಶಿಲೆಗಳು ಭೂಭಾಗದಿಂದ ಮಣ್ಣು ಮರಳು ಹರಿದುಬಂದ ಕಾಲವನ್ನು ಹೇಳುತ್ತವೆ. ಇವೆಲ್ಲದರ ಮೇಲೆ ಪಾರಾ ಸುಣ್ಣಕಲ್ಲಿನ ಎತ್ತರದ ಗೋಡೆಗಳು ನಿಂತಿವೆ.

ಭಾರತದ ಪರ್ಯಾಯದ್ವೀಪದ ಭಾಗದಲ್ಲಿಯೂ ಟ್ರಯಾಸಿಕ್ ಕಣಶಿಲೆಗಳಿವೆ. ಆದರೆ ದಾಮೋದರ ಕಣಿವೆಯ ಪಂಚೇತ್ ಶಿಲೆಗಳು, ಗೋದಾವರಿ ಕಣಿವೆಯ ಮಲೇರಿ ಶಿಲೆಗಳು ಮೊದಲಾದವು ನದಿಗಳು ಹೊತ್ತುತಂದ ಸಂಚಯಗಳು. ಅವುಗಳಲ್ಲಿ ನೆಲದ ಪ್ರಾಣಿಗಳ ಮೂಳೆಗಳು ದೊರೆಯುತ್ತವೆ. ಅದೇ ಅವಧಿಯ ಕಡಲಿನ ಕಥೆಯನ್ನು ಬಲ್ಲವು ಹಿಮಾಲಯದ ಶಿಲೆಗಳು. ಅನಂತರ ಭಾರತದ ಭೂಫಲಕವು ಏಷ್ಯಾಕ್ಕೆ ಒತ್ತಿಕೊಂಡಾಗ ಈ ಕಡಲತಳ ಮಡಿಚಿ ಮೇಲೆದ್ದು ಇಂದಿನ ಎತ್ತರವನ್ನು ಮುಟ್ಟಿತು.

ಕಚ್ ಮತ್ತು ಪ್ರಾಣಿವಿಜ್ಞಾನ

೧೮೭೧-೭೨ರಲ್ಲಿ ಸ್ಟೊಲಿಚ್ಕಾ ಗುಜರಾತಿನ ಕಚ್ ಪ್ರದೇಶದಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಅಲ್ಲಿನ ಜುರಾಸಿಕ್ ಶಿಲೆಗಳನ್ನು ಪಚ್ಛಮ್, ಚಾರಿ, ಕಟ್ರೋಲ್ ಮತ್ತು ಉಮಿಯಾ ಎಂದು ನಾಲ್ಕಾಗಿ ವಿಂಗಡಿಸಿದರು. ಈ ವಿಂಗಡಣೆಯನ್ನು ವಿಲ್ಹೆಲ್ಮ್ ವಾಗೆನ್ ಅವರು ೧೮೭೫ರಲ್ಲಿ ತಮ್ಮ ಕೃತಿಯ ಮೂಲಕ ಪ್ರಕಟಪಡಿಸಿದರು. ಕಚ್ಚಿನ ಭೂವಿಜ್ಞಾನದಲ್ಲಿ ಈ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ಶಿಲೆಗಳ ಜೊತೆಗೆ ಜೀವಂತ ಪ್ರಾಣಿಗಳಲ್ಲಿಯೂ ಅವರಿಗೆ ಅಷ್ಟೇ ಆಸಕ್ತಿಯಿತ್ತು. ಬಂಗಾಳದ ಏಷ್ಯಾಟಿಕ್ ಸೊಸೈಟಿಯಲ್ಲಿ ೧೮೬೮ರಿಂದ ನೈಸರ್ಗಿಕ ಇತಿಹಾಸ ವಿಭಾಗದ ಕಾರ್ಯದರ್ಶಿಯಾಗಿದ್ದರು. ಬರ್ಮಾ, ಪೆನಾಂಗ್, ಅಂಡಮಾನ್ ಹಾಗೂ ನಿಕೋಬಾರ್ ದ್ವೀಪಗಳಿಗೆ ಹೋಗಿ ಬಂದರು. ಹಕ್ಕಿಗಳು, ಸರೀಸೃಪಗಳು, ಜೇಡಗಳು, ನೆಲದ ಮೇಲಿನ ಬಸವನಹುಳುಗಳು ಇವುಗಳ ಕುರಿತು ಪ್ರಬಂಧಗಳನ್ನು ಬರೆದರು. ಪಕ್ಷಿತಜ್ಞ ಅಲನ್ ಆಕ್ಟೇವಿಯನ್ ಹ್ಯೂಮ್ ಅವರು ಇವರ ಮಿತ್ರರಲ್ಲಿ ಒಬ್ಬರು.

ಯಾರ್ಕಂಡ್ ನಿಯೋಗ ಮತ್ತು ನಿಧನ

೧೮೭೩ರಲ್ಲಿ ಭಾರತ ಸರ್ಕಾರವು ಕಾಶ್ಗರಿನ ಆಡಳಿತಗಾರ ಯಾಕೂಬ್ ಬೇಗ್ ಬಳಿಗೆ ಥಾಮಸ್ ಡಗ್ಲಸ್ ಫೋರ್ಸಿತ್ ಅವರ ನೇತೃತ್ವದಲ್ಲಿ ಎರಡನೆಯ ಯಾರ್ಕಂಡ್ ನಿಯೋಗವನ್ನು ಕಳುಹಿಸಿತು. ನಿಯೋಗದ ಉದ್ದೇಶ ರಾಜಕೀಯ ಮತ್ತು ವ್ಯಾಪಾರ. ಆದರೂ ಮಧ್ಯ ಏಷ್ಯಾದ ಭೂರಚನೆ ಹಾಗೂ ಪ್ರಾಣಿಗಳನ್ನು ಅಧ್ಯಯನ ಮಾಡಲೆಂದು ಸ್ಟೊಲಿಚ್ಕಾ ಅವರನ್ನೂ ಸೇರಿಸಿಕೊಳ್ಳಲಾಯಿತು. ನಿಯೋಗವು ರಾವಲ್ಪಿಂಡಿಯಿಂದ ಹೊರಟು ಲೇಹ್ ಮಾರ್ಗವಾಗಿ ಯಾರ್ಕಂಡ್, ಅಲ್ಲಿಂದ ಕಾಶ್ಗರ್ ತಲಪಿತು. ಹೋಗುವ ದಾರಿಯಲ್ಲಿಯೇ ಸ್ಟೊಲಿಚ್ಕಾ ತೀವ್ರವಾಗಿ ಕಾಯಿಲೆ ಬಿದ್ದರು. ಗುಣವಾದ ಬಳಿಕ ಕೆಲಸವನ್ನು ಮುಂದುವರಿಸಿದರು. ಚಳಿಗಾಲದ ನಡುವೆ ಚಾತಿರ್ ಕುಲ್ ಸರೋವರದ ಕಡೆಗೆ ಹೋಗಿಬಂದರು. ೧೮೭೪ರ ವಸಂತದಲ್ಲಿ ಗಾರ್ಡನ್, ಬಿಡಲ್ಫ್ ಮತ್ತು ಟ್ರಾಟರ್ ಎಂಬ ಅಧಿಕಾರಿಗಳೊಂದಿಗೆ ಪಾಮೀರ್ ಮತ್ತು ವಾಖಾನ್ ಪ್ರದೇಶಗಳನ್ನು ಸುತ್ತಿದರು.

ಹಿಂದಿರುಗುವ ದಾರಿ ಕಾರಕೋರಂ ಕಣಿವೆದಾರಿಯ ಮೂಲಕ ಇತ್ತು. ಇದರ ಎತ್ತರ ೫,೫೦೦ ಮೀಟರಿಗೂ ಹೆಚ್ಚು. ೧೮೭೪ರ ಜೂನ್ ತಿಂಗಳ ಮಧ್ಯದಲ್ಲಿ ಅದನ್ನು ದಾಟುವ ಹೊತ್ತಿಗೆ ಸ್ಟೊಲಿಚ್ಕಾ ಅವರಿಗೆ ವಿಪರೀತ ತಲೆನೋವು ಬಂದಿತು. ಆದರೂ ಅವರು ವಿಶ್ರಾಂತಿ ತೆಗೆದುಕೊಳ್ಳದೆ ದಾರಿಯ ಶಿಲೆಗಳನ್ನು ಪರಿಶೀಲಿಸುತ್ತಲೇ ಸಾಗಿದರು. ಕೆಮ್ಮು ಮತ್ತು ಉಸಿರಾಟದ ತೊಂದರೆ ಹೆಚ್ಚಿ, ಜೂನ್ ೧೯ರಂದು ಮುರ್ಗೋ ಎಂಬ ತಂಗುದಾಣದಲ್ಲಿ ಕೊನೆಯುಸಿರೆಳೆದರು. ಅತಿ ಎತ್ತರದ ಪ್ರದೇಶದಲ್ಲಿ ಉಂಟಾಗುವ ಅಸ್ವಸ್ಥತೆಯೇ ಅವರ ಸಾವಿಗೆ ಕಾರಣವೆಂದು ಇಂದು ಭಾವಿಸಲಾಗಿದೆ. ಒಂಬತ್ತು ವರ್ಷಗಳ ಹಿಂದೆ ಇಂಥದೇ ತೊಂದರೆಯಿಂದ ಅವರು ಪಾರಾಗಿದ್ದರು. ಈ ಬಾರಿ ಶರೀರ ತಾಳಲಿಲ್ಲ.

ಅವರ ಪಾರ್ಥಿವ ಶರೀರವನ್ನು ಲೇಹ್ ಪಟ್ಟಣಕ್ಕೆ ತಂದು ಸಮಾಧಿ ಮಾಡಲಾಯಿತು. ಭಾರತ ಸರ್ಕಾರವು ಅಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿತು. ಅವರು ಬಿಟ್ಟುಹೋದ ಟಿಪ್ಪಣಿಗಳು ಮತ್ತು ಸಂಗ್ರಹಗಳನ್ನು ಆಧರಿಸಿ ಹಲವು ತಜ್ಞರು ಬರೆದ ಯಾರ್ಕಂಡ್ ನಿಯೋಗದ ವೈಜ್ಞಾನಿಕ ಫಲಿತಾಂಶಗಳು ೧೮೭೮ರಿಂದ ಆರಂಭವಾಗಿ ಬಿಡಿಬಿಡಿ ಭಾಗಗಳಾಗಿ ಹೊರಬಂದವು.

ನಂತರದ ಸಂಶೋಧನೆಗಳು

ಸ್ಟೊಲಿಚ್ಕಾ ಅವರ ತೀರ್ಮಾನಗಳೆಲ್ಲವೂ ಉಳಿದುಕೊಂಡಿಲ್ಲ. ಕುಲಿಂಗ್ ಶ್ರೇಣಿಯನ್ನು ಅವರು ಕಾರ್ಬೊನಿಫೆರಸ್ ಅವಧಿಗೆ ಸೇರಿಸಿದ್ದರು. ಅದು ಪರ್ಮಿಯನ್ ಅವಧಿಯದೆಂದು ಅನಂತರ ತಿಳಿದುಬಂದಿತು. ಲಿಲಾಂಗ್ ಶ್ರೇಣಿಯಲ್ಲಿ ಅವರ ಗಮನಕ್ಕೆ ಬಂದದ್ದು ಹೆಚ್ಚಾಗಿ ಮೇಲ್ಭಾಗದ ಜೀವಿಗಳು. ಟ್ರಯಾಸಿಕ್‌ನ ಆದಿಕಾಲದ ತೆಳುವಾದ ಪದರಗಳ ಮಹತ್ವ ಹೊರಬಿದ್ದದ್ದು ೧೮೮೦ರ ಸುಮಾರಿಗೆ ಸಿ. ಎಲ್. ಗ್ರೀಸ್‌ಬಾಕ್ ಅವರು ಕುಮಾವೂಂ ಹಿಮಾಲಯದಲ್ಲಿ ಓಟೋಸೆರಾಸ್ ಎಂಬ ಅಮೊನೈಟ್ ವರ್ಗದ ಜೀವಿಯುಳ್ಳ ಪದರವನ್ನು ಗುರುತಿಸಿದಾಗ. ಪಾರಾ ಮತ್ತು ಟಾಗ್ಲಿಂಗ್ ಸುಣ್ಣಕಲ್ಲುಗಳನ್ನು ಬೇರ್ಪಡಿಸುವುದು ಕಷ್ಟವೆನಿಸಿ, ಎರಡನ್ನೂ ಕೂಡಿಸಿ ಕಿಯೋಟೊ ಸುಣ್ಣಕಲ್ಲು ಎಂದು ಕರೆಯುವ ವಾಡಿಕೆಯೂ ಬಂದಿತು.

ಆಸ್ಟ್ರಿಯಾದ ಎಡ್ಮಂಡ್ ಮೊಯ್ಸಿಸೊವಿಕ್ಸ್, ಕಾರ್ಲ್ ಡೀನರ್ ಮತ್ತು ಆಲ್ಬ್ರೆಕ್ಟ್ ಫಾನ್ ಕ್ರಾಫ್ಟ್ ಅವರು ಹಿಮಾಲಯದ ಟ್ರಯಾಸಿಕ್ ಪಳೆಯುಳಿಕೆಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಎಚ್. ಎಚ್. ಹೇಡನ್ ಅವರು ೧೯೦೪ರಲ್ಲಿ ಸ್ಪಿತಿಯ ಭೂವಿಜ್ಞಾನದ ಬಗ್ಗೆ ಸಮಗ್ರ ವರದಿಯನ್ನು ಪ್ರಕಟಿಸಿದರು. ಲಿಲಾಂಗ್ ಶ್ರೇಣಿಯನ್ನು ಈಗ ಅನೇಕ ಚಿಕ್ಕ ಘಟಕಗಳಾಗಿ ವಿಭಜಿಸಲಾಗಿದೆ. ಆದರೂ ಒಟ್ಟು ಸಮೂಹಕ್ಕೆ ಲಿಲಾಂಗ್ ಎಂಬ ಹೆಸರೇ ಉಳಿದಿದೆ. ಮುಥ್ ಅಥವಾ ಮುದ್ ಎಂಬ ಹಳ್ಳಿಯ ಸಮೀಪದ ಶಿಲಾಛೇದವನ್ನು ಆದಿ ಟ್ರಯಾಸಿಕ್‌ನ ಎರಡು ಹಂತಗಳಾದ ಇಂಡುವನ್ ಮತ್ತು ಒಲೆನೆಕಿಯನ್ ನಡುವಣ ಗಡಿಗೆ ಅಂತರರಾಷ್ಟ್ರೀಯ ಮಾನಕವಾಗಿ ಸ್ವೀಕರಿಸಬೇಕೆಂಬ ಪ್ರಸ್ತಾಪವೂ ಬಂದಿದೆ.

ಅವರು ಊಹಿಸಿದ ಕೆಲವು ಸ್ತರಗಳ ಕಾಲವು ಬದಲಾದರೂ ಸ್ತರಗಳ ಅನುಕ್ರಮವು ಮೂಲತಃ ಹಾಗೆಯೇ ನಿಂತಿದೆ. ಸರಿಯಾದ ನಕ್ಷೆಗಳೂ ರಸ್ತೆಗಳೂ ಇಲ್ಲದ ಕಾಲದಲ್ಲಿ ನಡೆದುಹೋಗಿ ಬರೆದಿಟ್ಟ ಈ ಅನುಕ್ರಮದ ಮೇಲೆಯೇ ಮುಂದಿನವರ ಕೆಲಸವೆಲ್ಲ ನಿಂತಿತು. ಮೊದಲ ತಪ್ಪುಗಳನ್ನು ತಿದ್ದಲು ಸಾಧ್ಯವಾದದ್ದೂ ಇದರಿಂದಲೇ.

ಸ್ಮರಣೆ

ಸ್ಟೊಲಿಚ್ಕಾ ಅವರ ಹೆಸರನ್ನು ಹಲವು ಜೀವಿಗಳಿಗೆ ಇಡಲಾಗಿದೆ. ಸ್ಟೊಲಿಚ್ಕಾಯಾ ಎಂಬುದು ಕ್ರಿಟೇಶಿಯಸ್ ಅವಧಿಯ ಒಂದು ಅಮೊನೈಟ್ ಕುಲ. ಕಚ್ ಮತ್ತು ರಾಜಸ್ಥಾನದ ಒಣ ಬಯಲುಗಳಲ್ಲಿ ವಾಸಿಸುವ, ಈಗ ಸಂಖ್ಯೆಯಲ್ಲಿ ಕುಗ್ಗಿರುವ ಒಂದು ಪುಟ್ಟ ಹಕ್ಕಿಯನ್ನು ಸ್ಟೊಲಿಚ್ಕಾರ ಬುಷ್‌ಚಾಟ್ ಎಂದು ಕರೆಯಲಾಗುತ್ತದೆ. ಹಿಮಾಲಯ ಮತ್ತು ಟಿಬೆಟ್ಟಿನ ಎತ್ತರದಲ್ಲಿ ಬದುಕುವ ಒಂದು ಬಗೆಯ ಇಲಿಗೂ ಆಗ್ನೇಯ ಏಷ್ಯಾದ ಒಂದು ಬಾವಲಿಗೂ ಅವರ ಹೆಸರಿದೆ.

ಸ್ಪಿತಿಯ ಶಿಲೆಗಳಲ್ಲಿ ಮಾತ್ರ ಅವರು ತಮ್ಮ ಹೆಸರನ್ನು ಎಲ್ಲಿಯೂ ಇರಿಸಲಿಲ್ಲ. ಅಲ್ಲಿ ಉಳಿದಿರುವುದು ಅವರು ಹಾದುಹೋದ ಹಳ್ಳಿಗಳ ಹೆಸರುಗಳು: ಮುಥ್, ಕುಲಿಂಗ್, ಲಿಲಾಂಗ್, ಗಿಯುಮಾಲ್, ಚಿಕ್ಕಿಂ. ಕೆಲವೇ ಮನೆಗಳುಳ್ಳ ಈ ಊರುಗಳ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಸೇರಿರುವುದು ಅವರಿಂದಾಗಿ.